ಕೆಡ್ಡಸದ ದಿನ ತೋಡಿದ ಹೊಂಡ

"ನಿಲ್ಲಿಸಿ. ಯಾವ ತಾರೀಕು ಅಂದ್ರಿ?"

ಅಕ್ಕು ಬೇಳೆ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. ಸೋಮಲಿಂಗಪ್ಪ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿಕೊಂಡು ಅದೇ ಸಾಲನ್ನು ಇನ್ನೊಮ್ಮೆ ಓದಿದ.

"'೧೯೬೩ನೇ ಇಸವಿ ಫೆಬ್ರವರಿ ಹನ್ನೊಂದನೇ ತಾರೀಕು ಬೆಳಿಗ್ಗೆ, ಮೋನಪ್ಪನಾದ ನಾನು ಕ್ಯಾಂಟೀನಿನ ರುಬ್ಬುವ ಕಲ್ಲನ್ನು ಹೂಳುವುದಕ್ಕಾಗಿ ಗೋಡೆಯ ಬುಡದಲ್ಲಿ ಮೊಣಕಾಲುದ್ದದ ಹೊಂಡ ತೋಡಿದೆ. ಇಂಜಿನಿಯರರು ಬೇಡವೆಂದರೂ ಕೇಳಲಿಲ್ಲ. ಮರುದಿನ ಗೋಡೆ ಬಿದ್ದದ್ದು ನನ್ನ ತಪ್ಪಿನಿಂದ.' ಇಷ್ಟ ಐತಿ ತಂಗಿ."

"ಹಾಗಾದ್ರೆ ಇದು ಸುಳ್ಳು," ಎಂದಳು ಅಕ್ಕು. ಅವಳ ದನಿಯಲ್ಲಿ ಅಳು ಇರಲಿಲ್ಲ. ಅಕ್ಕಿಯಲ್ಲಿ ಕಲ್ಲು ಕಂಡಾಗ ಹೇಳುವಷ್ಟೇ ಸಲೀಸಾಗಿ ಹೇಳಿದಳು. "ಅವತ್ತು ನಡು ಕೆಡ್ಡಸ."

ಹನ್ನೊಂದು ತಿಂಗಳ ಹಿಂದೆ ಅಂಬತ್ತೂರಿನಲ್ಲಿ ಸರಕಾರ ಕಟ್ಟಿಸುತ್ತಿದ್ದ ಕಾರ್ಮಿಕರ ವಸತಿಯ ಗೋಡೆ ಕುಸಿದು, ಅದರ ನೆರಳಿನಲ್ಲಿ ಊಟಕ್ಕೆ ಕೂತಿದ್ದ ಏಳು ಮಂದಿ ಸತ್ತರು; ಅವರಿಗೆ ಅನ್ನ ಬಡಿಸುತ್ತಿದ್ದ ಮೋನಪ್ಪ, ಅಕ್ಕುವಿನ ಗಂಡ, ಅದೇ ಸಂಜೆಯಿಂದ ಕಾಣೆ. ಗೋಡೆ ಬಿರುಕು ಬಿಟ್ಟಿದೆ ಎಂದು ಇಂಜಿನಿಯರಿಗೆ ಮೂರು ಸಲ ಹೇಳಿದ್ದವನೂ ಅವನೇ. ಈಗ ಸರಕಾರದ ಲೆಕ್ಕದಲ್ಲಿ ಏಳು ಜನರನ್ನು ಕೊಂದವನೂ ಅವನೇ.

ಅದಕ್ಕೆ ಆಧಾರ ಈ ಒಂದು ಹೇಳಿಕೆ. ಆ ವಸತಿ ಕಟ್ಟಿಸುತ್ತಿದ್ದ ಇಲಾಖೆಯ ಟೈಪಿಸ್ಟ್ ಜಯಲಕ್ಷ್ಮೀ ಊಟದ ಡಬ್ಬಿಯ ತಳದಲ್ಲಿ ಮಡಿಸಿಟ್ಟು ತಂದುಕೊಟ್ಟ ಕೈಬರಹದ ಕಾರ್ಬನ್ ಪ್ರತಿ ಸೋಮಲಿಂಗಪ್ಪನ ಕೈಯಲ್ಲಿತ್ತು. ಅದರಲ್ಲಿ ಇನ್ನೂ ಮೊಸರನ್ನದ ವಾಸನೆ ಇತ್ತು.

"ಕೆಡ್ಡಸ ಅಂದ್ರ?" ಎಂದು ಕೇಳಿದ ಸೋಮಲಿಂಗಪ್ಪ. ಬಳ್ಳಾರಿ ಕಡೆಯ ಮನುಷ್ಯ. ಹತ್ತು ವರ್ಷದ ಹಿಂದೆ ಬಳ್ಳಾರಿ ಮದರಾಸಿನ ಕೈಬಿಟ್ಟು ಹೋದರೂ ಈತ ಮದರಾಸನ್ನು ಬಿಟ್ಟು ಹೋಗಲಿಲ್ಲ. ಸಬ್ ಇನ್ಸ್‌ಪೆಕ್ಟರಾಗಿ ನಿವೃತ್ತನಾಗಿ, ತಿರುವಲ್ಲಿಕೇಣಿಯ ಈ ಉಡುಪಿ ಹೋಟೆಲಿನಲ್ಲಿ ಎರಡು ಹೊತ್ತು ಉಣ್ಣುತ್ತ, ಬೇಡದ ಕೆಲಸಕ್ಕೆ ಕೈಹಾಕುತ್ತ ಇದ್ದಾನೆ.

"ಮೂರು ದಿನ ಭೂಮಿತಾಯಿ ಹೊರಗೆ ಕೂತಿರ್ತಾಳೆ ಇನ್ಸ್‌ಪೆಕ್ಟ್ರೇ. ಹೆಂಗಸರ ಹಾಗೆಯೇ. ಹಸಿ ಕಡಿಯಬಾರದು, ಒಣಗಿದ್ದು ಮುರಿಯಬಾರದು. ಹಾರೆ ಮುಟ್ಟುವ ಮಾತೇ ಇಲ್ಲ. ನಾಲ್ಕನೇ ದಿನ ನಾವು ನೆಲಕ್ಕೆ ಎಣ್ಣೆ ಬಿಟ್ಟು ಅವಳನ್ನು ಮೀಯಿಸಿದ ಮೇಲೆಯೇ ಮುಂದಿನ ಕೆಲಸ."

"ಅದು ನಿಮ್ಮ ಊರಾಗ. ಇದು ಮದ್ರಾಸು."

"ಮದ್ರಾಸಿನಲ್ಲಿ ಬೇರೆ ಭೂಮಿ ಉಂಟಾ?"



ಒಳಗಿನ ಮಾತು ಕೇಳಿಸಿಕೊಂಡ ಹೋಟೆಲಿನ ಧನಿ, ಮೋನಪ್ಪನನ್ನು ಅಂಬತ್ತೂರಿನ ತಮ್ಮ ಕ್ಯಾಂಟೀನಿಗೆ ಇಟ್ಟಿದ್ದ ವಿಷ್ಣುಮೂರ್ತಿ ಭಟ್ಟರು ಗಲ್ಲಾ ಬಿಟ್ಟು ಬಂದರು. ಗೋಡೆಯ ಮೊಳೆಗೆ ತೂಗುಹಾಕಿದ್ದ ಹಳೆಯ ಪಂಚಾಂಗವನ್ನು ಇಳಿಸಿ, ಉಗುರಿನಿಂದ ಸಾಲು ಹಿಡಿದು ನೋಡಿದರು.

"ಅವಳು ಹೇಳಿದ್ದು ಸರಿ. ಹತ್ತು, ಹನ್ನೊಂದು, ಹನ್ನೆರಡು. ಆ ಮೂರು ದಿನ ನಾನು ಅವನಿಗೆ ಎಷ್ಟು ಬೈದಿದ್ದೇನೆ! ಕಲ್ಲು ಲಾರಿಯಿಂದ ಇಳಿದಾಗಿದೆ, ಹೂಳು ಮಾರಾಯ, ನಿನ್ನ ಕೆಡ್ಡಸ ಕಟ್ಟಿಡು ಅಂದೆ. ಹದಿಮೂರಕ್ಕೆ ಹೂಳ್ತೇನೆ ಧನಿಗಳೇ, ಅದಕ್ಕಿಂತ ಮೊದಲು ನನ್ನ ಕೈ ಕಡಿದ್ರೂ ಇಲ್ಲ ಅಂದ. ಕಡೆಗೆ ಇಲ್ಲಿಂದಲೇ ಹಿಟ್ಟು ರುಬ್ಬಿ ಬಸ್ಸಿನಲ್ಲಿ ಕಳಿಸಿದೆ."

"ಇದನ್ನ ವಿಚಾರಣಾ ಸಮಿತಿ ಮುಂದ ಹೇಳ್ತೀರೇನ್ರಿ?"

ಭಟ್ಟರು ಪಂಚಾಂಗವನ್ನು ಮತ್ತೆ ಮೊಳೆಗೆ ಸಿಕ್ಕಿಸಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. "ಹೋಟೆಲಿನ ಲೈಸೆನ್ಸು ಸಹ ಸರಕಾರದ್ದೇ ಅಲ್ವಾ ಮಾರಾಯ್ರೆ," ಎಂದು ಗಲ್ಲಾಕ್ಕೆ ಹೋದರು.

ಅಕ್ಕು ಕಾಗದವನ್ನು ಕೈಗೆ ತೆಗೆದುಕೊಂಡಳು. ಅವಳಿಗೆ ಓದು ಬಾರದು. ಆದರೂ ಮೇಲಿಂದ ಕೆಳಗೆ ನೋಡಿದಳು.

"ಹೆಬ್ಬೆಟ್ಟು ಎಲ್ಲಿ?"

"ಅದು ಅಸಲು ಕಾಗದದ ಮ್ಯಾಲೆ ಇರ್ತದ. ಕಾರ್ಬನ್‌ನಾಗ ಮೂಡೂದಿಲ್ಲ."

"ಅದನ್ನು ನಂಗೆ ತೋರಿಸಿ. ಅವರ ಎಡಗೈ ಹೆಬ್ಬೆಟ್ಟಿನಲ್ಲಿ ಓರೆಯಾಗಿ ಒಂದು ಗೀರು ಉಂಟು. ಸಣ್ಣದಿರುವಾಗ ಹಲಸಿನಕಾಯಿ ಕೊಯ್ಯುವ ಕತ್ತಿ ತಾಗಿದ್ದು. ಉಗುರಿನವರೆಗೆ ಉಂಟು. ಅದಿಲ್ಲದಿದ್ರೆ ಅದು ಅವರದ್ದಲ್ಲ."

ಸೋಮಲಿಂಗಪ್ಪನಿಗೆ ಆ ಗಳಿಗೆ ಬಹಳ ಸಂತೋಷವಾಯಿತು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಕೈಗೊಂದು ಹಿಡಿ ಸಿಕ್ಕಿತ್ತು. ಅಕ್ಕು ಕೇಳಿದ್ದು ಎರಡೇ: ಗಂಡ ಎಲ್ಲಿದ್ದಾನೆ, ಅವನ ಹೆಸರಿಗೆ ಮೆತ್ತಿದ ಕೊಳೆ ಹೋಗುತ್ತದೆಯೇ. ಎರಡನೆಯದಕ್ಕೆ ಈಗ ದಾರಿ ಕಂಡಿತು.

ಒಂದೇ ಒಂದು ಸಂಶಯ ತಲೆಯಲ್ಲಿ ಕೊರೆಯುತ್ತಿತ್ತು. ಆ ಇಲಾಖೆಯಲ್ಲಿ ಕನ್ನಡ ಬರೆಯಬಲ್ಲವರು ಒಬ್ಬರೇ, ಭಾಷಾಂತರದ ಹರಿಹರ ರಾಯರು. ಅವರ ಊರು ಉಡುಪಿಯ ಪಕ್ಕ. ಸುಳ್ಳು ಹೇಳಿಕೆ ಬರೆಯುವ ಆ ಊರಿನ ಮನುಷ್ಯನಿಗೆ ಕೆಡ್ಡಸ ಗೊತ್ತಿಲ್ಲವೇ?

*

ಮರುದಿನ ಬೆಳಿಗ್ಗೆ ಹತ್ತೂವರೆಗೆ ಸೋಮಲಿಂಗಪ್ಪ ಇಲಾಖೆಯ ಟಪಾಲು ಕಿಟಕಿಯಲ್ಲಿ ಮೂರು ಪುಟದ ಅರ್ಜಿ ಕೊಟ್ಟ. ನಕಲಿನ ಮೇಲೆ ಮುದ್ರೆ ಬೀಳುವವರೆಗೆ ಕಿಟಕಿ ಬಿಟ್ಟು ಕದಲಲಿಲ್ಲ. ಅವನಿಗೆ ದೇವರಲ್ಲಿ ನಂಬಿಕೆ ಕಡಿಮೆ. ಮುದ್ರೆ ಬಿದ್ದ ರಸೀದಿಯಲ್ಲಿ ಪೂರ್ತಿ ನಂಬಿಕೆ. ಬರೆದು ಕೊಟ್ಟದ್ದಕ್ಕೆ ಸರಕಾರ ಉತ್ತರ ಕೊಡಲೇಬೇಕು ಎಂಬುದು ಅವನ ಕಾಲದ ಪೊಲೀಸ್ ಪಾಠ. ಪಾಠ ಹಳೆಯದಾದದ್ದು ಅವನಿಗೆ ಯಾರೂ ತಿಳಿಸಿರಲಿಲ್ಲ.

ಮೆಟ್ಟಿಲ ಬಳಿ ಗಾಜಿನ ಬಾಗಿಲಿನ ಸೂಚನಾ ಫಲಕ ಇತ್ತು. ಹೋದ ವರ್ಷ ಯಾವ ವಿಚಾರಣೆ, ಯಾವ ದಿನ, ಯಾರ ಸಾಕ್ಷಿ ಎಂದೆಲ್ಲ ಅದರೊಳಗೆ ಹಚ್ಚುತ್ತಿದ್ದರು. ಈಗ ಹಸಿರು ಬಟ್ಟೆಯ ಮೇಲೆ ಪಿನ್ನುಗಳು ಮಾತ್ರ ಉಳಿದಿದ್ದವು. ಗಾಜನ್ನು ಯಾರೋ ದಿನಾ ಒರೆಸುತ್ತಿದ್ದರು.

ಹರಿಹರ ರಾಯರು ತಮ್ಮ ಕೋಣೆಯಲ್ಲಿ ಒಬ್ಬರೇ ಇದ್ದರು. ಸೋಮಲಿಂಗಪ್ಪ ಬಾಗಿಲು ಮುಂದೆ ಮಾಡಿ, ಕಾರ್ಬನ್ ಪ್ರತಿಯನ್ನು ಅವರ ಮೇಜಿನ ಮೇಲೆ ಬಿಡಿಸಿ ಇಟ್ಟ.

"ಈ ಅಕ್ಷರ ಯಾರದು ರಾಯರೇ?"

"ನನ್ನದೇ."

ಸೋಮಲಿಂಗಪ್ಪ ಜಗಳಕ್ಕೆ ತಯಾರಾಗಿ ಬಂದಿದ್ದ. ಇಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಸಿಟ್ಟೇ ಬಂತು.

"ಮೋನಪ್ಪ ಹೇಳಿದ್ದನ್ನ ಬರದ್ರ್ಯೋ, ನಿಮ್ಮಷ್ಟಕ್ಕ ನೀವ ಬರದ್ರ್ಯೋ?"

"ಮೋನಪ್ಪನನ್ನು ನಾನು ಕಣ್ಣಿಂದ ಕಂಡವನಲ್ಲ. ಮಧ್ವರಾಜರು ಇಂಗ್ಲಿಷಿನಲ್ಲಿ ಹೇಳಿದ್ರು, ನಾನು ಕನ್ನಡ ಮಾಡಿದೆ. ನನ್ನ ಕೆಲಸ ಅದೇ ಅಲ್ವಾ?" ಮಧ್ವರಾಜ ಅಲ್ಲಿಯ ಉಪಕಾರ್ಯದರ್ಶಿ. ಗೋಡೆ ಕಟ್ಟಿಸಿದ ಗುತ್ತಿಗೆದಾರ ಮಂತ್ರಿಯ ಭಾವಮೈದುನನಾದ್ದರಿಂದ ಆ ಫೈಲು ಅವರ ಕೈಯಿಂದ ಬೇರೆ ಕೈಗೆ ಹೋಗುತ್ತಿರಲಿಲ್ಲ.

"ಹೆಬ್ಬೆಟ್ಟು?"

"ಯಾರೋ ಜವಾನನದ್ದು. ಮೋನಪ್ಪ ಅವರ ಕೈಗೆ ಸಿಕ್ಕಿರಲಿಲ್ಲ. ಆಗ ಇನ್ನೂ ಹುಡುಕ್ತಾ ಇದ್ರು."

"ಏಳು ಜನ ಸತ್ತಾರ್ರೀ. ಒಬ್ಬನ ತಲಿ ಮ್ಯಾಲೆ ಅದನ್ನ ಹೊರಸಬೇಕಾದ್ರ ನಿಮಗ ಕೈ ನಡುಗಲಿಲ್ಲೇನು?"

"ನಡುಗಿತು. ಅದಕ್ಕೇ ಆ ತಾರೀಕು ಹಾಕಿದೆ."

ಸೋಮಲಿಂಗಪ್ಪ ಕುರ್ಚಿ ಎಳೆದುಕೊಂಡು ಕೂತ.

"ಗೋಡೆ ಬೀಳುವ ಮೊದಲು ಯಾವತ್ತೋ ಒಂದು ದಿನ ಹೊಂಡ ತೋಡಿದ, ಅಂತ ಮಾತ್ರ ಅವರು ಹೇಳಿದ್ದು," ಎಂದರು ರಾಯರು. "ಯಾವ ದಿನ ಅಂತ ಹೇಳಲಿಲ್ಲ. ಮನೆಗೆ ಹೋಗಿ ಪಂಚಾಂಗ ನೋಡಿದೆ. ನಡು ಕೆಡ್ಡಸದ ದಿನವನ್ನೇ ಹಾಕಿದೆ. ಬೇಕೆಂದೇ ಹಾಕಿದೆ."

"ಯಾಕ್ರಿ?"

"ವಿಚಾರಣೆ ಆಗ ಬಹಿರಂಗ ಇತ್ತು ಮಾರಾಯ್ರೆ. ಕೆಳಗಿನ ಹಾಲಿನಲ್ಲಿ ಜನರಿಗೆ ಬೆಂಚು ಹಾಕಿದ್ರು. ಯಾರು ಬೇಕಾದ್ರೂ ಬರ್ಬಹುದಿತ್ತು. ನಮ್ಮ ಹೋಟೆಲ್ ಕೆಲಸದವರೇ ಇಪ್ಪತ್ತು ಮಂದಿ ಬಂದು ಕೂರ್ತಿದ್ರು. ಆ ಹೇಳಿಕೆಯನ್ನು ಅವರೆದುರು ನಾನೇ ಗಟ್ಟಿಯಾಗಿ ಓದಬೇಕಿತ್ತು. ಫೆಬ್ರವರಿ ಹನ್ನೊಂದು ಅಂದ ಕೂಡಲೇ ಒಬ್ಬನಾದ್ರೂ ಎದ್ದು, ಹೋಯ್, ಕೆಡ್ಡಸದ ದಿನ ಯಾವನಾದ್ರೂ ಹೊಂಡ ತೋಡ್ತಾನಾ ಅಂತ ಬೊಬ್ಬೆ ಹಾಕ್ತಿದ್ದ. ಪೇಪರಿನವರು ಬರ್ಕೊಳ್ತಿದ್ರು. ನನ್ನ ಬಾಯಿಂದ ಹೇಳಲಿಕ್ಕೆ ಧೈರ್ಯ ಇಲ್ಲದ್ದನ್ನು ಅವನು ಹೇಳ್ತಿದ್ದ."

"ಆಮ್ಯಾಲೆ?"

"ಓದುವ ಹಿಂದಿನ ದಿನ ಆರ್ಡರು ಬಂತು. ಸಾರ್ವಜನಿಕ ಹಿತದೃಷ್ಟಿಯಿಂದ ಇನ್ನು ವಿಚಾರಣೆ ಒಳಗಡೆ. ಬೆಂಚು ಎತ್ತಿದ್ರು. ಈಗ ಜವಾನರ ಕೋಣೆಯಲ್ಲಿ ಅದರ ಮೇಲೆ ಕುಡಿಯುವ ನೀರಿನ ಮಡಕೆ ಇಟ್ಟಿದ್ದಾರೆ. ವಿಧಾನಸಭೆಯಲ್ಲಿ ಒಬ್ರು ಪ್ರಶ್ನೆ ಕೇಳಿದ್ರು. ಮಾಹಿತಿ ಸಂಗ್ರಹಿಸಲಾಗುತ್ತಿದೆ ಅಂತ ಉತ್ತರ ಕೊಟ್ರು. ಆ ಉತ್ತರ ಬರೆದವನೂ ನಾನೇ." ರಾಯರು ನಕ್ಕರು. ನಗು ಚೆನ್ನಾಗಿರಲಿಲ್ಲ. "ನಾನು ಕಾದೆ. ಯಾರಾದ್ರೂ ಓದಿಯಾರು ಅಂತ ತಿಂಗಳುಗಟ್ಟಲೆ ಕಾದೆ. ಓದುವವರೇ ಇಲ್ಲದ ಮೇಲೆ ತಪ್ಪು ಹಾಕಿದ್ರೂ ಒಂದೇ, ಸರಿ ಹಾಕಿದ್ರೂ ಒಂದೇ."

ಸೋಮಲಿಂಗಪ್ಪನಿಗೆ ಈ ಮನುಷ್ಯನ ಮೇಲೆ ಕನಿಕರ ಬಂತು, ಅದಕ್ಕಿಂತ ಹೆಚ್ಚು ಹೇಸಿಗೆಯೂ ಬಂತು. ಒಬ್ಬನನ್ನು ನೀರಿಗೆ ತಳ್ಳಿ, ಈಜು ಬಲ್ಲ ಯಾರಾದರೂ ಈ ದಾರಿಯಲ್ಲಿ ಬರಲಿ ಎಂದು ದಡದಲ್ಲಿ ಕೂತು ಹಾರೈಸುವವರನ್ನು ಏನೆಂದು ಕರೆಯಬೇಕು? ಆದರೆ ಈಗ ಬೇಕಾದದ್ದು ಸಾಕ್ಷಿ, ಬೈಗುಳವಲ್ಲ.

"ಈಗ ಓದಿಸಿ ಕೇಳಿದಾಕಿ ಒಬ್ಬಾಕಿ ಸಿಕ್ಕಾಳ್ರಿ, ಮೋನಪ್ಪನ ಹೆಂಡ್ತಿ. ಒಂದ ಸಲಕ್ಕ ಹಿಡದ್ಲು ನೋಡ್ರಿ. ಅಸಲು ಕಾಗದ ತೋರಿಸಿದ್ರ ಹೆಬ್ಬೆಟ್ಟು ಅವನದಲ್ಲ ಅಂತನೂ ಹೇಳ್ತಾಳ. ನೀವು ಜೊತಿಗೆ ನಿಲ್ತೀರೇನು?"

ರಾಯರು ಬಾಗಿಲ ಕಡೆ ನೋಡಿದರು. "ಅಸಲು ನಿಮ್ಮ ಕಣ್ಣಿಗೆ ಬಿದ್ರೆ ನಿಲ್ತೇನೆ. ಆದ್ರೆ ಅದನ್ನು ಹೊರಗೆ ತರಿಸುವುದು ಹೇಗೆ?"

"ಅದು ಆಗೇತ್ರಿ." ಸೋಮಲಿಂಗಪ್ಪ ಹೆಮ್ಮೆಯಿಂದ ರಸೀದಿ ತೆಗೆದು ಮೇಜಿನ ಮೇಲಿಟ್ಟ. "ಅರ್ಧ ತಾಸಿನ ಹಿಂದ ಅರ್ಜಿ ಕೊಟ್ಟೀನಿ. ಮುದ್ರೆ ಸಹಿತ."

ರಾಯರು ರಸೀದಿಯನ್ನು ಮುಟ್ಟಲಿಲ್ಲ.

"ಕಾರಣ ಬರೆದಿರಾ?"

"ಬರದೀನಲ್ರಿ."

"ತಾರೀಕು?"

"ತಾರೀಕು ಬರದು ಕೆಳಗ ಎರಡು ಗೆರಿ ಎಳದೀನಿ. ಕೆಡ್ಡಸ ಅಂದ್ರ ಏನು ಅಂತ ಇಂಗ್ಲಿಷ್‌ನಾಗ ಅರ್ಧ ಪುಟ ತಿಳಿಸಿ ಹೇಳೀನಿ. ಹೆಬ್ಬೆಟ್ಟಿನ ಮ್ಯಾಲಿನ ಗೀರಿನ ಸಂಗತಿ, ಭಟ್ಟರ ಹಿಟ್ಟಿನ ಸಂಗತಿ, ಎಲ್ಲಾ ಐತಿ."

ಹರಿಹರ ರಾಯರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಹತ್ತು ತಿಂಗಳು ನಾನು ಅವರಿಂದ ಮುಚ್ಚಿಟ್ಟದ್ದನ್ನು ನೀವು ಅವರಿಗೇ ಬರೆದು ಕೊಟ್ರಲ್ಲ, ಸೋಮಲಿಂಗಪ್ಪನವರೇ," ಎಂದರು. "ಎಲ್ಲೆಲ್ಲಿ ಹೊಲಿಗೆ ಬಿಟ್ಟಿದೆ ಅಂತ ಗೆರೆ ಎಳೆದು ಸಹ ತೋರಿಸಿದ್ರಿ."

ಕೆಳಗೆ ಟಪಾಲು ಕಿಟಕಿ ಮುಚ್ಚಿದ ಸದ್ದು ಕೇಳಿಸಿತು. ಸೋಮಲಿಂಗಪ್ಪ ಮೆಟ್ಟಿಲು ಇಳಿದು ಓಡಿದ. ಅರ್ಜಿಗಳ ಕಟ್ಟು ಆಗಲೇ ಮೇಲಕ್ಕೆ ಹೋಗಿತ್ತು. ಯಾವತ್ತೂ ವಾರಗಟ್ಟಲೆ ಕೊಳೆಯುವ ಟಪಾಲು ಅವತ್ತು ಗಳಿಗೆಯಲ್ಲಿ ಮೇಲೇರಿತ್ತು.

*

ಐದನೆಯ ದಿನ ಪತ್ರ ಬಂತು. ಅರ್ಜಿದಾರರು ಮತ್ತು ಮೋನಪ್ಪನ ಹೆಂಡತಿ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಬಂದು ಅಸಲು ಹೇಳಿಕೆಯನ್ನು ಹತ್ತು ನಿಮಿಷ ನೋಡಬಹುದು, ಬರೆದುಕೊಳ್ಳುವಂತಿಲ್ಲ.

ಸರಕಾರ ಇಷ್ಟು ಬೇಗ ಒಪ್ಪಿಕೊಂಡದ್ದು ಒಳ್ಳೆಯ ಲಕ್ಷಣವಲ್ಲ ಎಂದು ಸೋಮಲಿಂಗಪ್ಪನಿಗೆ ಗೊತ್ತಿತ್ತು. ಅಕ್ಕುವಿಗೆ ಹೇಳಲಿಲ್ಲ. ಅವಳು ಮದುವೆಮನೆಗೆ ಉಡುವ ಸೀರೆ ಉಟ್ಟು ಬಂದಿದ್ದಳು. ಅಷ್ಟರಲ್ಲಿ ಭಟ್ಟರ ಹೋಟೆಲಿಗೆ ಆರೋಗ್ಯ ತಪಾಸಣೆಯವರು ಎರಡು ಸಲ ಬಂದು ಹೋಗಿದ್ದರು, ಸ್ವಲ್ಪ ದಿನ ಕೆಲಸಕ್ಕೆ ಬರಬೇಡ ಎಂದು ಭಟ್ಟರು ಅಕ್ಕುವಿಗೆ ಮುಖ ನೋಡದೆ ಹೇಳಿದ್ದರು.

ಜಯಲಕ್ಷ್ಮೀಯ ಟೈಪ್‌ರೈಟರಿಗೆ ಗವಸು ಹಾಕಿತ್ತು. ಹರಿಹರ ರಾಯರ ಕೋಣೆಗೆ ಬೀಗ. "ಲೀವು," ಎಂದ ಬಾಗಿಲ ಜವಾನ. ಎಷ್ಟು ದಿನ ಎಂದು ಕೇಳಿದರೆ ಆಚೆ ನೋಡಿದ.

"ವಾಂಗೋ ಸಾರ್, ಬನ್ನಿ, ಕೂತ್ಕೊಳ್ಳಿ," ಎಂದರು ಮಧ್ವರಾಜ. ಮದರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡಿಗ. "ಅಮ್ಮಾ, ನೀವೂ ಉಕ್ಕಾರುಂಗೋ. ಕಾಫಿ ಹೇಳ್ಲಾ? ಬೇಡ್ವಾ? ಪರವಾಇಲ್ಲೆ. ನಮ್ಮ ಹತ್ರ ಮುಚ್ಚಿಡೋದು ಒಂದೂ ಇಲ್ಲ ಸಾರ್. ಕೇಳಿದ್ರೆ ತೋರಿಸ್ತೀವಿ."

ಫೈಲು ಬಿಚ್ಚಿ ಕಾಗದವನ್ನು ಅವರತ್ತ ತಿರುಗಿಸಿದರು.

ಸೋಮಲಿಂಗಪ್ಪ ಮೊದಲ ಸಾಲು ಓದಿದ. ಫೆಬ್ರವರಿ ಎಂಟನೇ ತಾರೀಕು. ಕೆಡ್ಡಸಕ್ಕೆ ಎರಡು ದಿನ ಮೊದಲು. ಅಕ್ಷರ ಹರಿಹರ ರಾಯರದೇ. ಕೈ ಮಾತ್ರ ಹಿಂದಿನಷ್ಟು ನೆಟ್ಟಗಿರಲಿಲ್ಲ.

"ಇದರಾಗ ಹನ್ನೊಂದು ಇತ್ತು," ಎಂದ.

"ನಿಮಗೆ ಎಪ್ಪಡಿ ಗೊತ್ತು ಸಾರ್? ಇದು ಗುಟ್ಟಿನ ಕಾಗದ." ಮಧ್ವರಾಜರ ದನಿ ಏರಲಿಲ್ಲ. "ಬೇರೆ ಪ್ರತಿ ಏನಾದ್ರೂ ನಿಮ್ಮ ಹತ್ರ ಇದ್ರೆ ಈಗ್ಲೇ ಕೊಡಿ. ಯಾರು ಕೊಟ್ರು ಅಂತಾನೂ ಬರ್ದುಕೊಡಿ. ಆಕ್ಷನ್ ತಗೊಳ್ತೀವಿ."

ಸೋಮಲಿಂಗಪ್ಪನ ಕೈ ಕೋಟಿನ ಒಳಜೇಬಿನವರೆಗೆ ಹೋಗಿ ಅಲ್ಲೇ ನಿಂತಿತು. ಗವಸು ಹಾಕಿದ ಟೈಪ್‌ರೈಟರು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಕಾರ್ಬನ್ ತೆಗೆದರೆ ಜಯಲಕ್ಷ್ಮೀ ಜೈಲಿಗೆ. ಅದರ ಮೇಲೆ ಹೆಬ್ಬೆಟ್ಟಿಲ್ಲದ್ದರಿಂದ ಯಾರೂ ಅದನ್ನು ನಂಬುವುದೂ ಇಲ್ಲ. ಅವನು ಕೈ ಕೆಳಗಿಳಿಸಿದ.

ಉಳಿದದ್ದು ಒಂದೇ. ಜವಾನನ ಹೆಬ್ಬೆಟ್ಟಿನಲ್ಲಿ ಗೀರು ಇರಲು ಸಾಧ್ಯವಿಲ್ಲ.

"ತಂಗಿ, ಹೆಬ್ಬೆಟ್ಟು ನೋಡವ್ವಾ."

ಅಕ್ಕು ಅಕ್ಷರಗಳ ಕಡೆ ಕಣ್ಣು ಹಾಕಲೇ ಇಲ್ಲ. ಬಗ್ಗಿ, ಪುಟದ ತಳದ ನೇರಳೆ ಗುರುತನ್ನೇ ನೋಡಿದಳು. ನೋಡುತ್ತಲೇ ಇದ್ದಳು. ಮಧ್ವರಾಜ ಗೋಡೆಯ ಗಡಿಯಾರದ ಕಡೆ ನೋಡಿದರು.

"ಗೀರು ಉಂಟು," ಎಂದಳು.

"ಸರಿಯಾಗಿ ನೋಡು."

"ಉಂಟು ಇನ್ಸ್‌ಪೆಕ್ಟ್ರೇ. ಉಗುರಿನವರೆಗೆ ಉಂಟು. ಇದು ಅವರದ್ದೇ ಹೆಬ್ಬೆಟ್ಟು."

ಯಾರೂ ತಡೆಯುವ ಮೊದಲೇ ಅವಳು ತನ್ನ ಬೆರಳನ್ನು ಆ ಗುರುತಿನ ಮೇಲೆ ಇಟ್ಟಳು. ಎತ್ತಿದಾಗ ಬೆರಳಿನ ತುದಿ ನೇರಳೆಯಾಗಿತ್ತು. ಅವಳು ಅದನ್ನು ಸೋಮಲಿಂಗಪ್ಪನಿಗೆ ತೋರಿಸಿದಳು.

"ಒಣಗಲಿಲ್ಲ ಇನ್ನೂ."

ಹತ್ತು ತಿಂಗಳ ಹಿಂದಿನ ಮಸಿ ಕೈಗೆ ಹತ್ತುವುದಿಲ್ಲ. ಸೋಮಲಿಂಗಪ್ಪನಿಗೆ ಅರ್ಥವಾಯಿತು. ಮೋನಪ್ಪ ಬದುಕಿದ್ದಾನೆ. ಇವರ ಕೈಯಲ್ಲಿದ್ದಾನೆ. ನಿನ್ನೆಯೋ ಮೊನ್ನೆಯೋ ಅವನ ಕೈ ಹಿಡಿದು ಈ ಕಾಗದದ ಮೇಲೆ ಒತ್ತಿಸಿದ್ದಾರೆ. ಹೆಬ್ಬೆಟ್ಟಿನಲ್ಲಿ ಗೀರು ಬೇಕು ಎಂದು ಅವರಿಗೆ ಹೇಳಿಕೊಟ್ಟದ್ದು ತನ್ನದೇ ಮೂರು ಪುಟದ ಅರ್ಜಿ. ಇಷ್ಟು ದಿನ ಅವನಿಂದ ಅವರಿಗೆ ಬೇಕಾದದ್ದು ಏನೋ ಇತ್ತು, ಅದಕ್ಕೇ ಇಟ್ಟುಕೊಂಡಿದ್ದರು. ಈಗ ಅದೂ ಸಿಕ್ಕಿತು.

ಮಧ್ವರಾಜ ಫೈಲನ್ನು ತಮ್ಮ ಕಡೆ ಎಳೆದುಕೊಂಡು ಟೇಪು ಕಟ್ಟತೊಡಗಿದರು. "ಸಮ್ಸಾರಾನೇ ಗುರುತು ಹಿಡಿದ್ರಲ್ಲ ಸಾರ್. ಅದನ್ನೇ ಬರ್ಕೊಳ್ತೀವಿ. ಇನ್ನು ಈ ಫೈಲು ಕ್ಲೋಸ್."

ಅಕ್ಕು ಎದ್ದು ನಿಂತಳು. ಅವಳು ಕೂಗಾಡಲಿಲ್ಲ, ಕೈ ಮುಗಿಯಲಿಲ್ಲ.

"ಸಾಯ್ಬ್ರೇ, ಅವರಿಗೆ ಎರಡು ಹೊತ್ತು ಊಟ ಕೊಡ್ತಾ ಇದ್ದೀರಾ?"

ಸೋಮಲಿಂಗಪ್ಪ ಮಧ್ವರಾಜರ ಮುಖವನ್ನೇ ನೋಡುತ್ತಿದ್ದ. ಏನೂ ಗೊತ್ತಿಲ್ಲದ ಮನುಷ್ಯ, ಯಾರಿಗೆ ಎಂದು ಕೇಳುತ್ತಾನೆ. ಪರಾರಿಯಾದ ಆರೋಪಿಗೆ ನಾವೆಲ್ಲಿ ಊಟ ಕೊಡಲಿ ಎನ್ನುತ್ತಾನೆ.

ಮಧ್ವರಾಜ ಎರಡನ್ನೂ ಹೇಳಲಿಲ್ಲ. ಟೇಪಿನ ಗಂಟು ಬಿಗಿದರು. ಅಕ್ಕುವಿನ ನೇರಳೆ ಬೆರಳನ್ನು ಒಮ್ಮೆ ನೋಡಿ ಕಣ್ಣು ತಗ್ಗಿಸಿದರು.

"ನೀವು ನಿನ್ನೆ ಬರ್ಬೇಕಿತ್ತಮ್ಮಾ," ಎಂದರು.